ಹಲಗಿ ಬಾರಿಸುವ ಕೈ

“ಸ್ಪೀಕರನ್ನು ಮೆಟ್ಟಿಲಲ್ಲಿ ಬೀಳಿಸಿದವ ನೀನೇ ಅಲ್ವಾ ಮಾರಾಯ? ಒಪ್ಪಿಕೋ!” ಮ್ಯಾನೇಜರ್ ಪುಂಡರೀಕಾಕ್ಷನ ಕೂಗಿಗೆ ಥಾಣೆಯ ವರ್ತಕ ನಗರದ ಶೋರೂಮಿನಲ್ಲಿದ್ದ ಗಿರಾಕಿಗಳೆಲ್ಲ ಹಮಾಲ ಮಾನಪ್ಪನನ್ನೇ ನೋಡಿದರು. ಫ್ರಿಜ್ಜು, ಮಿಕ್ಸರ್ ಮಾರುವ ಅಂಗಡಿಗೆ ಮೊದಲ ಸಲ ವಿಲಾಯತಿ ಸ್ಪೀಕರ್ ಜೋಡಿ ಬಂದಿತ್ತು. ಭಿವಂಡಿಯ ಗೋದಾಮಿನಿಂದ ಹೊತ್ತು ತಂದವನು ಮಾನಪ್ಪ. ಈಗ ನೋಡಿದರೆ ಅದರ ದನಿಯಲ್ಲಿ ದಮ್ಮೇ ಇಲ್ಲ. ಹಚ್ಚಿದ ಹಾಡಿನ ಢೋಲೂ ಡಬ್ಬಿ ಬಡಿದಂತೆ ಕೇಳುತ್ತಿತ್ತು.

“ಕೂಸಿನಂಗ ಎತ್ಕೊಂಡು ಬಂದೀನ್ರಿ. ಬೀಳ್ಸಿಲ್ಲ,” ಎಂದ ಮಾನಪ್ಪ, ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಬಂದ.

“ಏಯ್, ಮುಟ್ಟಬೇಡ! ಅದೇನು ಗೋಣಿಚೀಲ ಅಲ್ಲ!”

ಮಾನಪ್ಪ ಮುಟ್ಟಿಯೇ ಬಿಟ್ಟ. ಊರಲ್ಲಿ ಹಲಗಿಯನ್ನು ಬೆಂಕಿಗೆ ಕಾಯಿಸಿ, ಚರ್ಮದ ಬಿಗಿಯನ್ನು ಅಂಗೈಯಲ್ಲೇ ಅಳೆಯುತ್ತಿದ್ದ ಕೈ ಅದು. ಆ ಹಲಗಿಗೆ ಕುಣಿದವರೇ ಆ ಕೈಯನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಹಾಡುತ್ತಿದ್ದ ಎರಡೂ ಸ್ಪೀಕರಿನ ಮೇಲೆ ಒಂದೊಂದು ಅಂಗೈ ಇಟ್ಟು ಅವನು ಕಣ್ಣು ಮುಚ್ಚಿದ.

“ಇದು ಹೊರಗ ಗುದ್ದಿದಾಗ ಅದು ಒಳಗ ಎಳೀತದ್ರಿ. ಒಂದರ ತಾರ್ ಉಲ್ಟಾ ಹಚ್ಚೀರಿ.”

ತಂತಿ ಜೋಡಿಸಿದವನು ಪುಂಡರೀಕಾಕ್ಷನೇ. ಒಂದು ಸ್ಪೀಕರಿನ ಹಿಂದೆ ಬಗ್ಗಿ, ಅದರ ಕೆಂಪು ಕಪ್ಪು ತಂತಿಗಳನ್ನು ಅದಲುಬದಲು ಮಾಡಿದ. ಢೋಲು ಎದೆಗೇ ಬಂದು ಬಡಿಯಿತು. ಗಾಜಿನ ಬಾಗಿಲು ನಡುಗಿತು.

“ಆಯ್ತು, ಸರಿಯಾಯ್ತು. ನೀನಿನ್ನು ಹೊರಡು ಮಾರಾಯ,” ಎಂದ, ಮುಖ ಎತ್ತದೆ.

ಮಾನಪ್ಪ ಹೋಗಿ ಗಿರಾಕಿಗಳ ಸೋಫಾದ ನಟ್ಟನಡುವೆ ಕುಳಿತ.

“ಹಾಡು ಮೊದಲಿಂದ ಹಚ್ರಿ ಸಾಹೇಬ್ರ. ಕುಂತು ಕೇಳ್ತೀನಿ.”