ನಾಲ್ಕನೇ ಇಂಗಾಲ

"ನಿನ್ನ ಹಾಲೇ ವಿಷ ಆಯ್ತಲ್ಲ ಮಾರಾಯ್ತಿ!" ವಡೋದರಾದ ಆಸ್ಪತ್ರೆಯ ವಾರ್ಡಿನಲ್ಲಿ ಗಿರಿಜಮ್ಮ ಎಲ್ಲರಿಗೂ ಕೇಳುವಂತೆ ಸೊಸೆಗೆ ಹೇಳಿದರು. ಹಳದಿಗಟ್ಟಿದ ಹಸುಗೂಸಿಗೆ ಎದೆಹಾಲು ನಿಲ್ಲಿಸಿ, ಸೋಯಾ ಹಾಲು ಕೊಡಿ ಎಂದು ಡಾಕ್ಟರು ಬೆಳಿಗ್ಗೆ ಹೇಳಿದಾಗಿನಿಂದ ಅವರದು ಇದೇ ಮಾತು.

ಸಂಧ್ಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಸಿಟ್ಟಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಎರಡು ಷಟ್ಕೋನ ಬರೆದಳು. "ಹಾಲಿನ ಸಕ್ಕರೆಯಲ್ಲಿ ಇವೆರಡೂ ಇರ್ತವೆ ಅತ್ತೆ. ನಾಲ್ಕನೇ ಇಂಗಾಲದ ಓಎಚ್ ಗುಂಪು ಗ್ಲುಕೋಸಲ್ಲಿ ಕೆಳಗೆ, ಗ್ಯಾಲಕ್ಟೋಸಲ್ಲಿ ಮೇಲೆ. ವ್ಯತ್ಯಾಸ ಅಷ್ಟೇ. ಆ ಗ್ಯಾಲಕ್ಟೋಸ್ ಮಗುವಿಗೆ ಅರಗೋದಿಲ್ಲ. ಅದು ಎಲ್ಲ ತಾಯಂದಿರ ಹಾಲಲ್ಲೂ ಉಂಟು. ನಿಮ್ಮ ಹಾಲಲ್ಲೂ ಇತ್ತು!"

"ಮತ್ತೆ ಮಗುವಿಗೆ ಈ ದೋಷ ಎಲ್ಲಿಂದ ಬಂತು?"

"ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೆ ಮಾತ್ರ ಈ ಕಾಯಿಲೆ. ಅರ್ಧ ನನ್ನದು, ಅರ್ಧ ನಿಮ್ಮ ಮಗನದ್ದು."

"ಸುಳ್ಳು! ಇವಳು ಹೇಳೋದು ಹೌದೇನೋ ಸುಧೀರ?"

ಅಲ್ಕಾಪುರಿ ಬಡಾವಣೆಯ ತನ್ನ ಹೋಟೆಲಿನ ಗಲ್ಲಾ ಬಿಟ್ಟು ಬಂದಿದ್ದ ಸುಧೀರ್ ಕಿಟಕಿಯ ಬಳಿ ಮೊಬೈಲಿನ ಆಂಟೆನಾ ಎಳೆಯುತ್ತ, ಒತ್ತುತ್ತ ನಿಂತಿದ್ದ. "ಹೌದಮ್ಮ," ಎಂದ ಮೆಲ್ಲಗೆ. "ಬೆಳಿಗ್ಗೆಯೇ ಡಾಕ್ಟರು ನನ್ನನ್ನು ಕರೆದು ಹೇಳಿದ್ರು."

ಬೆಳಿಗ್ಗೆಯಿಂದ ಅಮ್ಮ ಅಂದದ್ದನ್ನೆಲ್ಲ ಅವನು ಅಲ್ಲೇ ನಿಂತು ಕೇಳಿಸಿಕೊಂಡಿದ್ದ. ಸಂಧ್ಯಾ ಅತ್ತೆಯನ್ನು ಬಿಟ್ಟು ಗಂಡನ ಕಡೆ ತಿರುಗಿದಳು.