ಏಳನೇ ಕೋಣೆಯ ಅತಿಥಿ

ಅತಿಥಿಯ ಟ್ಯಾಂಕು ಇವತ್ತೂ ಬಲಕ್ಕೆ ತಿರುಗಲಿಲ್ಲ.

ಗೋಡೆಯ ಮೂಲೆಗೆ ಬಂತು, ನಿಂತಿತು. ಎಡಕ್ಕೆ ಒಂದು ಸಲ, ಮತ್ತೊಂದು ಸಲ, ಇನ್ನೂ ಒಂದು ಸಲ ತಿರುಗಿತು. ಹಾಗೆ ಸುತ್ತು ಹಾಕಿ ಬಲಗಡೆಯ ಓಣಿಗೆ ಇಳಿಯಿತು. ಮನೆಯಲ್ಲೇ ಪುಸ್ತಕ ಕಟ್ಟುವ ಬೈಂಡರ್ ಕೀಲಿಮಣೆಯಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡರು. ಅಂಟು ಮೆತ್ತಿದ ಬೆರಳುಗಳು ಬೆವತಿದ್ದವು.

ಹಾಗೆ ಆಡುತ್ತಿದ್ದವನು ಲೋಕದಲ್ಲಿ ಒಬ್ಬನೇ, ಅವರ ಮಗ. ಅವನು ತೀರಿಕೊಂಡು ಐದು ತಿಂಗಳಾಗಿತ್ತು.

ಮಗ ಲಿಫ್ಟ್ ಮೆಕ್ಯಾನಿಕ್. ಹಳೆಯ ಆಟಗಳೆಂದರೆ ಅವನಿಗೆ ಪ್ರಾಣ. ತಾನು ಹುಟ್ಟುವ ಮೊದಲೇ ಬಂದಿದ್ದ ಈ ಟ್ಯಾಂಕಿನ ಆಟವನ್ನು ಜೊತೆಯ ಕೆಲಸಗಾರರ ಸಂಗಡ ಇಂಟರ್ನೆಟ್‌ನಲ್ಲಿ ಆಡುತ್ತಿದ್ದ. ಅವರಿಗೆಂದೇ ಅದರಲ್ಲಿ ಒಂದು ಕೋಣೆ, ಏಳನೇ ನಂಬರಿನದು. ಮನೆಯಲ್ಲಿದ್ದರೆ ಬೈಂಡಿಂಗ್ ಮೇಜಿನ ಪಕ್ಕದ ಈ ಕಂಪ್ಯೂಟರ್. ಹೊರಗಿದ್ದರೆ ಅಂಗೈಯಗಲದ ಆಟದ ಯಂತ್ರ. ಅದು ಒಮ್ಮೆ ಕೈಜಾರಿ ಬಿದ್ದು ಬಲಗಡೆಯ ಬಟನ್ ಕೆಟ್ಟಿತ್ತು. ರಿಪೇರಿ ಮಾಡಿಸೋ ಎಂದರೆ ನಗುತ್ತಿದ್ದ.

"ಮೂರು ಸಲ ಎಡಕ್ಕೆ ತಿರುಗಿದ್ರೆ ಬಲವೇ ಅಲ್ವೇನಪ್ಪಾ? ಬಟನ್ ಯಾಕೆ?"

ಆಮೇಲೆ ಒಂದು ದಿನ ಕೆಲಸದಲ್ಲಿದ್ದಾಗ ಲಿಫ್ಟಿನ ಹೊಂಡಕ್ಕೆ ಅವನೇ ಬಿದ್ದ. ದೇಹ ಮನೆಗೆ ಬಂತು. ಯಂತ್ರವಿದ್ದ ಬ್ಯಾಗು ಬರಲಿಲ್ಲ. ಎಲ್ಲಿ ಎಂದು ಕೇಳುವ ಚೈತನ್ಯ ಬೈಂಡರ್‌ಗೆ ಇರಲಿಲ್ಲ.

ಜೊತೆಯವರು ಏಳನೇ ಕೋಣೆಗೆ ಬರುವುದನ್ನು ಬಿಟ್ಟರು. ಬೈಂಡರ್ ಮಾತ್ರ ಹೋಗಿ ಕೂರುತ್ತಿದ್ದರು. ಆಟ ತೆರೆದರೆ ಮಗ ಇಟ್ಟುಕೊಂಡಿದ್ದ 'ಸಣ್ಣ ಹುಲಿ' ಎಂಬ ಹೆಸರು ತಾನಾಗಿಯೇ ಬರುತ್ತಿತ್ತು, ಅಳಿಸಲು ಮನಸ್ಸಾಗಲಿಲ್ಲ. ಖಾಲಿ ಮೈದಾನದಲ್ಲಿ ಸ್ವಲ್ಪ ಹೊತ್ತು ಟ್ಯಾಂಕು ಓಡಿಸಿ, ದೇವರನ್ನು ನೆನೆದು ಏಳುತ್ತಿದ್ದರು. ಹೆಂಡತಿಗೆ ಹೇಳಿರಲಿಲ್ಲ. ಅವಳ ಹೃದಯ ಸೋತಿದೆ, ಇನ್ನೊಂದು ಆಘಾತ ತಡೆಯುವುದಿಲ್ಲ ಎಂದು ಡಾಕ್ಟರ್ ಎಚ್ಚರಿಸಿದ್ದರು. ನಾಲ್ಕಕ್ಕೆ ಅವಳು ಪ್ರಾರ್ಥನೆಗೆಂದು ಮಗನ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆಯೇ ಇವರು ಸದ್ದಡಗಿಸಿ ಆಟ ತೆರೆಯುತ್ತಿದ್ದುದು.

ಹತ್ತು ದಿನಗಳ ಹಿಂದೆ ಮೈದಾನದ ಆ ತುದಿಯಲ್ಲಿ ಇನ್ನೊಂದು ಟ್ಯಾಂಕು ಕಂಡಿತು. ಹೆಸರು ಬರೆಯದೆ ಬಂದವರಿಗೆ ಆಟವೇ ಕೊಡುವ ಹೆಸರು ಅದರ ಮೇಲಿತ್ತು: ಅತಿಥಿ.

ಸತ್ತವರು ಆಟಕ್ಕೆ ಬರುವುದಿಲ್ಲ. ಅದರಲ್ಲಿ ಬೈಂಡರ್‌ಗೆ ಸಂಶಯವಿರಲಿಲ್ಲ. ದೇವರ ಬಳಿ ಹೋದವನು ದೇವರ ಬಳಿ ಇರುತ್ತಾನೆ. ಹಾಗಾದರೆ ಬಲಕ್ಕೆ ತಿರುಗದ ಆ ಯಂತ್ರ ಬದುಕಿರುವವನ ಕೈಯಲ್ಲಿದೆ. ಮಗ ಬಿದ್ದಾಗ ಪಕ್ಕದಲ್ಲೇ ಇದ್ದವನ ಕೈಯಲ್ಲಿ. ಬಿದ್ದನೋ, ಬೀಳಿಸಿದರೋ?

ಮೊನ್ನೆ ಕಾಗದದ ಕಟ್ಟು ತಂದವನು ಕರೆಗಂಟೆ ಒತ್ತಿದ. ಅದೇ ಕ್ಷಣ ಅತಿಥಿಯ ಟ್ಯಾಂಕು ನಿಂತುಬಿಟ್ಟಿತು. ಬೈಂಡರ್ ಗಾಬರಿಯಲ್ಲಿ ಕಂಪ್ಯೂಟರ್ ಮೇಲೆ ಬಟ್ಟೆ ಎಳೆದರು. ಹೆಂಡತಿ ಬಂದು ಬಾಗಿಲು ತೆಗೆದಳು.

"ಗಂಟೆ ಕೇಳಿಸ್ಲಿಲ್ವಾ? ಕಿವಿಗೂ ಅಂಟು ಹಾಕ್ಕೊಂಡಿದ್ದೀರಾ?" ಎಂದು ಗೊಣಗಿ, ಕಟ್ಟನ್ನು ಇಟ್ಟು ಒಳಗೆ ಹೋದಳು.

ಬಟ್ಟೆ ಸರಿಸಿ ನೋಡಿದರೆ ಟ್ಯಾಂಕು ಮತ್ತೆ ಹೊರಟಿತ್ತು.

ಬೈಂಡರ್ ಕಿಟಕಿಗೆ ಓಡಿದರು. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಪರದೆ ಅಲ್ಲಾಡಿತು. ಅತಿಥಿ ಅಲ್ಲಿಂದ ಈ ಮನೆಯ ಮೇಲೆ ಕಣ್ಣಿಟ್ಟಿದ್ದಾನೆ. ಯಾರು ಬಂದರು, ಯಾರು ಬಾಗಿಲು ತೆಗೆದರು, ಎಲ್ಲ ನೋಡುತ್ತಿದ್ದಾನೆ. ಮನೆಯಲ್ಲಿ ಉಳಿದಿರುವುದು ಹೆಂಡತಿಯೊಬ್ಬಳು. ಅವಳ ತನಕ ಇದು ಹೋಗಬಾರದು.

ನಿನ್ನೆ ಧೈರ್ಯ ಮಾಡಿ ಬರೆದರು: "ಯಾರು ನೀನು?"

ಉತ್ತರ ಬರಲಿಲ್ಲ. ಅತಿಥಿಯ ಟ್ಯಾಂಕು ಮೆಲ್ಲನೆ ಬಂದು ಇವರ ಟ್ಯಾಂಕಿಗೆ ಮೂತಿ ತಾಗಿಸಿ ನಿಂತಿತು. ಗುಂಡು ಹಾರಿಸಲಿಲ್ಲ. ಬಹಳ ಹೊತ್ತು ಹಾಗೆಯೇ ನಿಂತಿತ್ತು. ಆಮೇಲೆ ಸೂಜಿಗೆ ದಾರ ಪೋಣಿಸಲೂ ಬೈಂಡರ್ ಕೈಯಲ್ಲಿ ಆಗಲಿಲ್ಲ.

ಇವತ್ತು ಒಂದು ಪರೀಕ್ಷೆ ಮಾಡಬೇಕೆಂದುಕೊಂಡಿದ್ದರು. ಅತಿಥಿಯ ಟ್ಯಾಂಕು ಓಡುತ್ತಿರುವಾಗಲೇ, ಮಗನಿಗೆ ಕೆಲಸ ಹೇಳುತ್ತಿದ್ದ ಮೇಸ್ತ್ರಿಗೆ ಫೋನು ಹಚ್ಚಿದರು. ಟ್ಯಾಂಕು ನಿಂತರೆ ಅವನೇ.

ಮೇಸ್ತ್ರಿ ಫೋನು ಎತ್ತಿದ. ಟ್ಯಾಂಕು ನಿಲ್ಲಲಿಲ್ಲ.

"ಮಗನ ಬ್ಯಾಗು ಯಾರ ಹತ್ರ ಇದೆ, ಮೇಸ್ತ್ರಿ?" ಬೈಂಡರ್ ಪಿಸುಗುಟ್ಟಿದರು. "ನಿಜ ಹೇಳು. ನಾನು ಪೊಲೀಸ್‌ಗೆ ಹೋಗಲ್ಲ."

"ಇದೇನು ಯಜಮಾನ್ರೇ? ಎರಡು ವಾರದ ಹಿಂದೆ ಪೊಲೀಸರೇ ಬಿಟ್ಟುಕೊಟ್ರು. ಅವತ್ತೇ ನಿಮ್ಮನೆಗೆ ತಂದೆ. ನೀವು ಅಂಗಡಿಗೆ ಹೋಗಿದ್ರಿ. ಅಮ್ಮನ ಕೈಗೆ ಕೊಟ್ಟೆ. ಆ ಆಟದ ಡಬ್ಬಿ ಹೇಗೆ ಶುರು ಮಾಡೋದು ಅಂತ ಕೇಳಿದ್ರು. ಏಳನೇ ಕೋಣೆವರೆಗೂ ತೋರಿಸಿಕೊಟ್ಟೆ. ಯಾಕೆ, ಅವರು ಹೇಳಿಲ್ವಾ?"

ಬೈಂಡರ್ ಫೋನು ಇಟ್ಟರು. ನಗು ಬಂತು. ಹತ್ತು ದಿನ ಹೆದರಿದ್ದು ಹೆಂಡತಿಗೆ, ಅದೇನು ಹೊಸದೇ? ಆಟವನ್ನು ಹಾಗೆಯೇ ಬಿಟ್ಟು ಹೋಗಿ ಮಗನ ಕೋಣೆಯ ಬಾಗಿಲು ತಳ್ಳಿದರು.

ಅವಳು ಮಂಚದ ತುದಿಯಲ್ಲಿ ಕುಳಿತಿದ್ದಳು. ಯಂತ್ರವನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ತಲೆಯೆತ್ತಲಿಲ್ಲ.

"ಮೆಲ್ಲಗೆ ಬನ್ನಿ. ಹೆದರ್ಬೇಡಿ," ಎಂದಳು. "ಹೇಳಿದ್ರೆ ನನಗೆ ಹುಚ್ಚು ಅಂತೀರಿ ಅಂತ ಸುಮ್ಮನಿದ್ದೆ. ದಿನಾ ನಾಲ್ಕಕ್ಕೆ ಬರ್ತಾನೆ ರೀ. ಒಂದು ದಿನ ತಪ್ಪಿಸಿಲ್ಲ."

ಬೈಂಡರ್ ಮೆಲ್ಲನೆ ಹೋಗಿ ಅವಳ ಪಕ್ಕ ಕುಳಿತರು.

"ನಿನ್ನೆ 'ಯಾರು ನೀನು' ಅಂತ ಕೇಳ್ದ. ಅಮ್ಮ ಅಂತ ಇದರಲ್ಲಿ ಹೇಗೆ ಬರೆಯೋದೋ ನನಗೆ ತಿಳೀಲಿಲ್ಲ. ನೀವು ಬರೆದುಕೊಡಿ."

ಅವಳು ಯಂತ್ರವನ್ನು ಚಾಚಿದಳು. ಅಂಗೈಯಗಲದ ಆ ಬೆಳಕಿನಲ್ಲಿ, ಆಡಿಸುವವರಿಲ್ಲದೆ ನಿಂತ ಟ್ಯಾಂಕಿನ ಮೇಲೆ, ಬೈಂಡರ್ ಅಳಿಸಲಾರದೆ ಉಳಿಸಿಕೊಂಡಿದ್ದ ಹೆಸರಿತ್ತು: ಸಣ್ಣ ಹುಲಿ.