ಫೋನ್ ಇಡಿಸುವ ಇಂಗ್ಲಿಷು

ನಮ್ಮ ಮಿಕ್ಸಿ ಕಂಪನಿಗೆ ಫೋನ್ ಮಾಡಿ ದೂರು ಹೇಳುವವರ ಹತ್ತಿರ ಮಾತು ಶುರು ಮಾಡುವುದು ಕನ್ನಡದಲ್ಲಿ, ಮುಗಿಸುವುದು ಮಾತ್ರ ಇಂಗ್ಲಿಷಿನಲ್ಲಿ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ! ಗಿರಾಕಿ ಇಡುವ ತನಕ ನಾವು ಫೋನ್ ಇಡುವ ಹಾಗೂ ಇಲ್ಲ. ಮುಗಿಸುವ ಆ ಸಾಲುಗಳನ್ನು ಬೈದುಕೊಂಡೇ ಬಾಯಿಪಾಠ ಮಾಡಿದ್ದೆ.

"ಇವತ್ತೂ ಫೋನ್‌ನಲ್ಲಿ ಮಾತು ಎಳೆದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಅಂತ ನಮ್ಮ ಮೇಲ್ವಿಚಾರಕಿ ಮೇಡಂ ಪಕ್ಕದಲ್ಲೇ ನಿಂತರು.

ಅಜ್ಜಿಯೊಬ್ಬರ ಫೋನ್ ಬಂತು. ಮಿಕ್ಸಿ ದೂರು ಬರೆದುಕೊಂಡು, "ಎನಿಥಿಂಗ್ ಎಲ್ಸ್, ಮ್ಯಾಮ್?" ಅಂದೆ.

"ಹಂಗಂದ್ರೇನಪ್ಪ?"

"ಇನ್ನೇನಾದ್ರೂ ಇದ್ಯಾ ಅಂತ, ಅಜ್ಜಿ."

"ಇಲ್ದೆ ಏನು! ನನ್ನ ಸೊಸೆ ಕತೆ ಕೇಳು..."

ಸೊಸೆ ಕತೆ ಮುಗಿದು ಮಂಡಿನೋವಿನ ಕತೆ ಬಂತು. "ಥ್ಯಾಂಕ್ಯೂ ಫಾರ್ ಕಾಲಿಂಗ್" ಅಂದೆ.

"ಥ್ಯಾಂಕ್ಸ್ ಯಾಕಪ್ಪ, ನನಗೂ ಹೊತ್ತು ಹೋಗ್ಬೇಕಲ್ಲ."

"ಹ್ಯಾವ್ ಎ ನೈಸ್ ಡೇ" ಅಂದೆ, ಹಲ್ಲು ಕಚ್ಚಿಕೊಂಡು.

"ನೀನೂ ಚೆನ್ನಾಗಿರು. ಮದುವೆ ಆಗಿದ್ಯಾ?"

ಮೇಡಂ ಗಡಿಯಾರ ನೋಡಿದರು. ನನಗೆ ಕೋಪ ನೆತ್ತಿಗೇರಿತು.

"ಅಜ್ಜೀ, ಒಲೆ ಮೇಲೆ ಹಾಲು ಉಕ್ತಾ ಇದೆ!" ಅಂತ ಕೂಗಿಬಿಟ್ಟೆ.

"ಅಯ್ಯಯ್ಯೋ!" ಫೋನ್ ಕಟ್ಟಾಯಿತು.

ಮೇಡಂ ಮೊದಲ ಸಲ ನಕ್ಕರು. "ಹೋಗ್ಲಿ, ಕೆಲಸ ಉಳಿಸ್ಕೊಂಡೆ" ಅಂದರು. ಅಷ್ಟರಲ್ಲಿ ಅದೇ ನಂಬರಿನಿಂದ ಮತ್ತೆ ಫೋನ್.

"ಅಪ್ಪಾ, ಹಾಲು ನಿಜವಾಗ್ಲೂ ಉಕ್ತಿತ್ತು ಕಣೋ! ಕೂತಲ್ಲೇ ಎಲ್ಲಾ ಕಾಣುತ್ತಲ್ಲ ನಿನಗೆ! ಇರು, ಬೀದಿ ಹೆಂಗಸರೆಲ್ಲ ಭವಿಷ್ಯ ಕೇಳೋಕೆ ಬಂದಿದ್ದಾರೆ, ಒಬ್ಬೊಬ್ಬರಿಗೇ ಫೋನ್ ಕೊಡ್ತೀನಿ."